ಜರ್ಮನಿಯಲ್ಲಿ ಮೊದಲ ಚಳಿಗಾಲ: ತಂಗಿ ಒಂಟಿಯಾಗಿದ್ದಾಳೆ, ಸಹಾಯ ಎಲ್ಲಿ ಸಿಗುತ್ತೆ?

ಪ್ರಶ್ನೆ: ತಂಗಿ ಅಲ್ಲಿ ಎಂಎಸ್ ಮಾಡ್ತಿದ್ದಾಳೆ. ನವೆಂಬರ್‌ನಿಂದ ರೂಮು ಬಿಟ್ಟು ಹೊರಗೇ ಹೋಗ್ತಿಲ್ಲ, ಊಟವೂ ಸರಿಯಿಲ್ಲ. ಯಾರನ್ನು ಕೇಳಬೇಕು?

ಉತ್ತರ 1: ವಿಶ್ವವಿದ್ಯಾಲಯದ ಅಥವಾ ಅಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನೋಡಿಕೊಳ್ಳೋ ಸಂಸ್ಥೆಯಾದ ಸ್ಟುಡೀರೆಂಡೆನ್‌ವೆರ್ಕ್‌ನ ಆಪ್ತಸಮಾಲೋಚಕರನ್ನು. ಮಾತು ಗುಟ್ಟಾಗಿರುತ್ತೆ, ವೀಸಾಕ್ಕೆ ತೊಂದರೆಯಾಗುತ್ತೆ ಅನ್ನೋ ಹೆದರಿಕೆ ಬೇಡ. ಸರದಿ ವಾರಗಟ್ಟಲೆ ಇರಬಹುದು, ಹಾಗಾಗಿ ಅಪಾಯಿಂಟ್‌ಮೆಂಟ್ ಇಲ್ಲದೆ ಹೋಗುವ ಸಮಯ ಇದೆಯಾ ಅಂತ ಇಮೇಲ್‌ನಲ್ಲಿ ಇವತ್ತೇ ಕೇಳಲಿ. ಜೀವಕ್ಕೆ ಅಪಾಯ ಅನ್ನಿಸಿದರೆ ಕಾಯಬೇಡಿ, ಅಲ್ಲಿನ ತುರ್ತು ಸಂಖ್ಯೆ 112.

ಉತ್ತರ 2: ಭಾರತೀಯರ ವಾಟ್ಸಾಪ್ ಗುಂಪು ದಿನಸಿ, ರೂಮು ಹುಡುಕೋಕೆ ಸರಿ, ಅದೊಂದೇ ಸಾಲದು. ವಿಶ್ವವಿದ್ಯಾಲಯದ ಕ್ರೀಡಾ ತರಗತಿಗೆ ಸೇರಲಿ. ವಾರವಾರ ಅದೇ ಮುಖಗಳು ಸಿಕ್ಕರೇ ಅಲ್ಲಿನವರು ಹತ್ತಿರವಾಗೋದು. ನೋಂದಣಿ ಬೇಗ ತುಂಬುತ್ತೆ.

ಉತ್ತರ 3: ಚಳಿಗಾಲದಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ. ಅವಳ ರಾತ್ರಿ 8 ಅಂದ್ರೆ ಇಲ್ಲಿ 12:30. ಭಾನುವಾರ ಅವಳ ಬೆಳಿಗ್ಗೆ 10ಕ್ಕೆ ಫೋನ್ ಮಾಡಿ. ದಯವಿಟ್ಟು ಮಾರ್ಕ್ಸ್ ವಿಷಯ ಎತ್ತಬೇಡಿ.