20 ಅಡಿ ರಸ್ತೆ, ಮನೆಗೆರಡು ಕಾರು: ದಾವಣಗೆರೆಯವರು ಹೆಂಗೆ ನಿಭಾಯಿಸ್ತಿದ್ದೀರಿ?

ಕೇಳಿದವರು, ನಿಟ್ಟುವಳ್ಳಿ

ನಮ್ದು 30×40 ಸೈಟಿನ ಮನೆ, ಮುಂದೆ 20 ಅಡಿ ರಸ್ತೆ. ಎರ್ಟಿಗಾ ಕಾಂಪೌಂಡ್ ಒಳಗೆ, ಸ್ವಿಫ್ಟ್ ಹೊರಗೆ. ಎದುರು ಮನೆಯಲ್ಲಿ ಓನರ್ ಜೊತೆಗೆ ಎರಡು ಬಾಡಿಗೆ ಸಂಸಾರ, ಮೂರು ಕಾರು, ಮೂರೂ ರಸ್ತೆ ಮೇಲೆ. ಪಕ್ಕದವರದ್ದು ಬೊಲೆರೊ. ಸ್ಕೂಲ್ ವ್ಯಾನ್ ತಿರುವಿನಲ್ಲೇ ನಿಂತು ಹಾರ್ನ್ ಹೊಡೀತದೆ, ಕಸದ ಗಾಡಿ ಒಳಗೆ ಬರೋದನ್ನೇ ಬಿಟ್ಟಿದೆ. ಗೇಟಿಗೆ 'ನೋ ಪಾರ್ಕಿಂಗ್' ಬೋರ್ಡ್ ಹಾಕಿದ್ದೀವಿ, ಅದರ ಕೆಳಗೇ ತಂದು ನಿಲ್ಲಿಸ್ತಾರೆ. ಮೂರು ಪ್ರಶ್ನೆ: ಮನೆ ಮುಂದೆ ಕಲ್ಲು ಇಡಬಹುದಾ? ದೂರು ಯಾರಿಗೆ ಕೊಡೋದು? ಎರಡೂ ಕಾರು ಒಳಗೆ ಹಿಡಿಸೋಕೆ ದಾರಿ ಇದೆಯಾ? ಒಳಗಿನ ಜಾಗ 9½ ಅಡಿ ಅಗಲ, ಗೇಟಿನಿಂದ ಮೆಟ್ಟಿಲಿನ ತನಕ 19 ಅಡಿ ಉದ್ದ. ಮಧ್ಯೆ ಸಂಪ್ ಇದೆ.

ಅಳತೆಟೇಪು

ಮೊದಲು ಟೇಪು ಹಿಡೀರಿ, ಜಗಳ ಆಮೇಲೆ.

ನಕ್ಷೆಯಲ್ಲಿ 20 ಅಡಿ ಅಂತ ಇರೋದು ಕಾಂಪೌಂಡಿನಿಂದ ಕಾಂಪೌಂಡಿಗೆ. ಎರಡೂ ಕಡೆ ಒಂದೂವರೆ ಅಡಿ ಚರಂಡಿ ಕಳೆದ್ರೆ ಉಳಿಯೋದು 17. ಸ್ವಿಫ್ಟ್ ಅಗಲ 1735 ಮಿ.ಮೀ., ಅಂದ್ರೆ 5.7 ಅಡಿ. ಎರ್ಟಿಗಾದ ಅಗಲಾನೂ 1735. ಸಣ್ಣ ಗಾಡಿ ಹೊರಗಿದ್ರೆ ರಸ್ತೆ ಅಗಲ ಉಳೀತದೆ ಅನ್ನೋದು ಬರೀ ಕಣ್ಣಂದಾಜು. ಉದ್ದದಲ್ಲಿ ಒಂದೂಮುಕ್ಕಾಲು ಅಡಿ ಕಮ್ಮಿ, ಅಗಲದಲ್ಲಿ ಒಂದು ನೂಲೂ ಕಮ್ಮಿ ಇಲ್ಲ. ಬೊಲೆರೊ 1745. ಚರಂಡಿ ಅಂಚಿನಿಂದ ಬಿಡೋ ಜಾಗ, ಕನ್ನಡಿ ಎಲ್ಲಾ ಸೇರಿಸಿ ಒಂದು ಕಾರಿಗೆ 7 ಅಡಿ ಹಿಡೀರಿ. ಒಂದೇ ಕಡೆ ನಿಲ್ಲಿಸಿದ್ರೆ 10 ಅಡಿ ಉಳೀತು. ಎರಡೂ ಕಡೆ ನಿಲ್ಲಿಸಿದ್ರೆ 3 ಅಡಿ, ಅದು ಬೈಕಿಗೆ ಮಾತ್ರ. ಅಗ್ನಿಶಾಮಕ ಗಾಡಿನೇ ಸುಮಾರು 8 ಅಡಿ ಅಗಲ ಇರುತ್ತೆ.

ಇದಕ್ಕಿಂತ ಕೆಟ್ಟದ್ದು ಹಾವಿನ ನಡಿಗೆ ಪಾರ್ಕಿಂಗು. ಒಂದು ಕಾರು ಎಡಕ್ಕೆ, ಹದಿನೈದಡಿ ಬಿಟ್ಟು ಇನ್ನೊಂದು ಬಲಕ್ಕೆ. ಎಲ್ಲಿ ಅಳೆದ್ರೂ 10 ಅಡಿ ಸಿಗುತ್ತೆ, ಆದ್ರೆ ವ್ಯಾನಿಗೆ ಡೊಂಕಾಗಿ ನುಸುಳೋಕೆ ಆಗಲ್ಲ. ನಿಮ್ಮ ಸ್ಕೂಲ್ ವ್ಯಾನ್ ತಿರುವಿನಲ್ಲಿ ನಿಲ್ಲೋದಕ್ಕೆ ಇದೇ ಕಾರಣ ಇರಬಹುದು, ನೋಡಿ.

ಇನ್ನೊಂದು ಲೆಕ್ಕ ಯಾರೂ ಹಾಕಲ್ಲ. 30 ಅಡಿ ಮುಂಭಾಗದಲ್ಲಿ ಗೇಟಿಗೆ 10, ಗೇಟಿನ ಎರಡೂ ಬದಿ ಒಂದೊಂದಡಿ ಕಳೆದ್ರೆ 18 ಉಳೀತು. ನಾಲ್ಕು ಮೀಟರ್ ಒಳಗಿನ ಕಾರಿಗೆ 13 ಅಡಿ, ಹಿಂದೆಮುಂದೆ ಎರಡೆರಡು ಅಡಿ. ಅಲ್ಲಿಗೆ ಒಂದು ಸೈಟಿಗೆ ಒಂದು ಕಾರು. ಒಂದು ಸಾಲಿನಲ್ಲಿ ಆರು ಮನೆ ಇದ್ರೆ ಇಡೀ ಬೀದಿಗೆ ಆರು ಕಾರು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ನಿಮ್ಮ ಎದುರು ಮನೆಯೊಂದೇ ಮೂರು ತಿಂತಾ ಇದೆ. ಈ ಲೆಕ್ಕನ ಕಾಗದದ ಮೇಲೆ ಬರ್ಕೊಂಡು ಹೋಗಿ ಮಾತಾಡಿ. "ನಿಮ್ಮ ಕಾರಿಂದ ತೊಂದರೆ" ಅಂದ್ರೆ ಮಾತು ಅಲ್ಲಿಗೇ ಕೆಡುತ್ತೆ.

ಪೇಟೆಕಡೆಯವ

ಕಲ್ಲೂ ಬೇಡ, ಹೂಕುಂಡಾನೂ ಬೇಡ, ಸಿಮೆಂಟು ತುಂಬಿದ ಟಯರೂ ಬೇಡ. ಚರಂಡಿ ಆಚೆ ಇರೋದೆಲ್ಲಾ ಪಾಲಿಕೆ ರಸ್ತೆ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮದಲ್ಲಿ ರಸ್ತೆಗೆ ಅಡ್ಡ ಇಟ್ಟದ್ದನ್ನ ಎತ್ತಿಸೋ ಅಧಿಕಾರ ಪಾಲಿಕೆಗೆ ಇದೆ. ನೀವು ಎದುರು ಮನೆ ಮೇಲೆ ದೂರು ಕೊಟ್ಟರೆ ಬಂದವರು ಮೊದಲು ಎತ್ತೋದು ನಿಮ್ಮ ಕಲ್ಲನ್ನೇ. ರಾತ್ರಿ ಬೈಕಿನವರು ಅದಕ್ಕೆ ಹೊಡೆದು ಬಿದ್ರೆ ಕೇಸು ನಿಮ್ಮ ಮೇಲೆ.

ಕಾಯ್ದೆಪುಸ್ತಕ

ಮೇಲಿನವರು ಹೇಳಿದ್ದು ಸರಿ. ಕಾನೂನು ಎಲ್ಲಿ ನಿಮ್ಮ ಕಡೆ ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ ಅನ್ನೋದು ತಿಳಿದಿರಲಿ.

ಗೇಟಿನ ಮುಂದೆ ನಿಲ್ಲಿಸೋದು ತಪ್ಪು, ಅದಕ್ಕೆ ಬೋರ್ಡೇ ಬೇಕಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಮನೆ, ಕಟ್ಟಡದ ದಾರಿಗೆ ಅಡ್ಡ, ಫುಟ್‌ಪಾತ್ ಮೇಲೆ, ನಿಂತ ಗಾಡಿಯ ಪಕ್ಕದಲ್ಲಿ ಇನ್ನೊಂದು ಗಾಡಿ ನಿಲ್ಲಿಸುವಂತಿಲ್ಲ. ಆದ್ರೆ ಗೇಟು ಬಿಟ್ಟು ನಿಮ್ಮ ಕಾಂಪೌಂಡ್ ಗೋಡೆ ಪಕ್ಕ ಯಾರೋ ನಿಲ್ಲಿಸಿದ್ರೆ "ನಮ್ಮ ಮನೆ ಮುಂದಿನ ಜಾಗ" ಅನ್ನೋ ಹಕ್ಕು ನಿಮಗಿಲ್ಲ. ಅಲ್ಲಿ ನೀವು ತೂಗುಹಾಕಿದ ಬೋರ್ಡಿಗೆ ಬೆಲೆಯೂ ಇಲ್ಲ.

ಗೇಟು ಅಡ್ಡ ಆದಾಗ ಮಾಡೋದು ಇಷ್ಟು. ಒಂದು ಫೋಟೊದಲ್ಲಿ ಗೇಟು, ಮನೆ ನಂಬರು, ಗಾಡಿ ನಂಬರ್ ಪ್ಲೇಟು ಮೂರೂ ಒಟ್ಟಿಗೆ ಬರಬೇಕು. ಇನ್ನೊಂದು ಫೋಟೊ ಪಕ್ಕದಿಂದ, ಗೇಟಿಗೂ ಬಂಪರಿಗೂ ಎಷ್ಟು ಸಂದು ಇದೆ ಅಂತ ಕಾಣೋ ಹಾಗೆ. ಆಮೇಲೆ 112. ಆಂಬುಲೆನ್ಸ್ ಸಿಕ್ಕಿಕೊಂಡಿದ್ರೆ ಅದನ್ನ ಮೊದಲ ಮಾತಿನಲ್ಲೇ ಹೇಳಿ. ನಂಬರ್ ಪ್ಲೇಟು ಹಾಕಿ ಆ್ಯಪಿನಲ್ಲಿ ಓನರ್ ಹುಡುಕೋದು ವ್ಯರ್ಥ, ಹೆಸರಿನ ಅಕ್ಷರ ಮರೆಮಾಡಿ ತೋರಿಸುತ್ತೆ, ಫೋನ್ ನಂಬರ್ ಬರೋದೇ ಇಲ್ಲ. ದಾರಿಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಇದೆ, 5,000 ರೂಪಾಯಿ ತನಕ ದಂಡ. ಆದ್ರೆ ಪಕ್ಕದ ಮನೆಯವರ ಮೇಲೆ ಅದನ್ನ ಹಾಕಿಸಿದ್ರೆ ಮುಂದೆ ಹತ್ತು ವರ್ಷ ಅವರ ಮುಖ ನೋಡಿಕೊಂಡೇ ಗೇಟು ತೆಗೀಬೇಕು.

ತಿಂಗಳುಗಟ್ಟಲೆ ಅಲುಗಾಡದೆ ನಿಂತ ಗಾಡಿ ಇದ್ರೆ ಅದರ ದಾರಿ ಬೇರೆ. ಮೋಟಾರು ವಾಹನ ಕಾಯ್ದೆ 127ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಮೀರಿ ವಾರಸುದಾರರಿಲ್ಲದೆ ಬಿಟ್ಟ ಗಾಡಿಯನ್ನ ಎತ್ತಿಸೋಕೆ ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ ಆದೇಶ ಕೊಡಬಹುದು. ಇದಕ್ಕೆ ಸಂಚಾರ ಠಾಣೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಒಂದು ವಾರದ ಅಂತರದಲ್ಲಿ ತೆಗೆದ ಎರಡು ಫೋಟೊ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಚರಂಡಿ, ಒತ್ತುವರಿ ವಿಷಯ ಪಾಲಿಕೆಗೆ. ಅಲ್ಲಿ ಉತ್ತರ ಬರದಿದ್ರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನ, 1902.

ಅಳತೆಟೇಪು

ಒಂದು ಸೇರಿಸ್ತೀನಿ. ಗೇಟು ಅಡ್ಡ ಅಂದ್ರೆ ಗೇಟಿನ ಮುಂದಷ್ಟೇ ಅಲ್ಲ, ಗೇಟಿನ ಎದುರೂ ಹೌದು. ಎರ್ಟಿಗಾ ತಿರುಗೋ ತ್ರಿಜ್ಯ 5.2 ಮೀಟರ್, ಅಂದ್ರೆ ಹತ್ತಿರ ಹತ್ತಿರ 17 ಅಡಿ. ಎದುರು ಗೋಡೆಗೆ ಕಾರು ನಿಂತು 10 ಅಡಿ ಉಳಿದಿದ್ರೆ ನಿಮ್ಮ ಗಾಡಿ ಒಂದೇ ಏಟಿಗೆ ಹೊರಗೆ ತಿರುಗಲ್ಲ, ನಾಲ್ಕು ಸಲ ಹಿಂದೆಮುಂದೆ ಮಾಡಬೇಕು. ಕಾನೂನು ಪುಸ್ತಕ ಹಿಡಿದ್ರೆ ಇದು ನಿಲ್ಲೋದು ಕಷ್ಟ, ಮಾತಿನಲ್ಲೇ ಬಗೆಹರೀಬೇಕು. ಆದ್ರಿಂದ ಯಾವ ಕಡೆ ಸಾಲು ನಿಲ್ಲಿಸಬೇಕು ಅಂತ ತೀರ್ಮಾನ ಮಾಡೋವಾಗ ಎಡ ಬಲ ನೋಡಬೇಡಿ, ಯಾವ ಸಾಲಿನ ಕಾರು ಎದುರಿನ ಗೋಡೆಗೆ ಮುಖ ಮಾಡುತ್ತೆ, ಯಾವುದು ಎದುರಿನ ಗೇಟಿಗೆ ಮಾಡುತ್ತೆ ಅಂತ ನೋಡಿ.

ಮೇಸ್ತ್ರಿ ಕೆಲಸ

ಒಳಗಿನ ಜಾಗದ ಮಾತಿಗೆ ಬರಾನ. 19 ಅಡಿ ಒಳಗ ಎರಡು ಕಾರು ಒಂದರ ಹಿಂದ ಒಂದು ಕೂರಂಗಿಲ್ರಿ. ಎರ್ಟಿಗಾ 14.4, ಸ್ವಿಫ್ಟ್ 12.7, ಸಂದು ಸೇರಿ 30 ಅಡಿ ಬೇಕು. ಪಕ್ಕಪಕ್ಕ ನಿಲ್ಲಸ್ತೀನಿ ಅಂದ್ರ ಬಾಗ್ಲು ತೆಗಿಯಾಕ ಸೇರಿ 17 ಅಡಿ ಅಗಲ ಬೇಕು, ನಿಮ್ಮದು ಒಂಬತ್ತೂವರೆ. ಹಂಗಾಗಿ ಒಳಗ ಒಂದೇ, ಆ ಆಸೆ ಬಿಡ್ರಿ. ಆದ್ರ ಆ ಒಂದನ್ನ ಸಲೀಸಾಗಿ ಒಳಗ ತರಾಂಗ ಮಾಡಬೌದು, ಅದಕ್ಕ ಮೂರು ಜಾಗ ನೋಡ್ರಿ.

ಗೇಟು. ಎರಡು ಪಾಲಿನ ಗೇಟು ಹೊರಗ ತೆಗದ್ರ ರಸ್ತಿ ತಿಂತತಿ, ಒಳಗ ತೆಗದ್ರ ಕಾರಿನ ಉದ್ದ ತಿಂತತಿ. 10 ಅಡಿ ಗೇಟಿಗೆ ಪಾಲು ಐದೈದಡಿ, 19ರಾಗ 5 ಹೋತು, ಉಳಿದದ್ದು 14, ಎರ್ಟಿಗಾ 14.4! ಅದಕ್ಕ ನಾಕು ಮಡಿಕಿ ಗೇಟು ಮಾಡ್ಸ್ರಿ, ಎರಡೂವರೆ ಅಡಿಯಾಗ ಮುಗಿತತಿ. ಸರಿಯೋ ಗೇಟು ಇನ್ನೂ ಚಲೋ, ಆದ್ರ ಪಕ್ಕದಾಗ ಅಷ್ಟೇ ಉದ್ದ ಗೋಡಿ ಖಾಲಿ ಇರಬೇಕು, ಕೆಳಗಿನ ಹಳಿಗೆ ಮಣ್ಣು ಕೂತ್ರ ಗಾಲಿ ಹಾರ್ತತಿ.

ಚರಂಡಿ ಚಪ್ಪಡಿ. ಒಂದೇ ದೊಡ್ಡ ಸ್ಲ್ಯಾಬು ಹಾಕಿದ್ರ ಚರಂಡಿ ಕಟ್ಟಿಕೊಂಡಾಗ ಪಾಲಿಕಿಯವ್ರು ಒಡದ ಹೋಗ್ತಾರ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, 4 ಇಂಚು ದಪ್ಪದ ತುಂಡು ಮಾಡ್ಸ್ರಿ. 10 ಎಂಎಂ ಸರಳು 6 ಇಂಚಿಗೊಂದು, ಎರಡೂ ತುದಿಗೆ ಎತ್ತಾಕ ಕೊಂಡಿ. ಒಂದು ತುಂಡು 100 ಕೆಜಿ ಮೇಲೆ ತೂಗ್ತತಿ, ನಾಕು ಮಂದಿ ಎತ್ತಬೌದು. ಸರಳು ತಳದ ಕಡೆಗೇ ಇರ್ಬೇಕು, ಮೇಲ್ಗಡೆ ಬಂದ್ರ ಕಾರು ಹತ್ತಿದಾಗ ನಡುವಿಗೇ ಸೀಳ್ತತಿ. ಬಾಳ ಮಂದಿ ಎರಕ ಹಾಕಿದ ಮ್ಯಾಲ ತಳ ಯಾವ್ದು ಮ್ಯಾಲಿಂದು ಯಾವ್ದು ಅಂತ ಮರೆತು ತಿರುವಿ ಹಾಕ್ತಾರ. ಎರಕದಾಗೇ ಒಂದು ಗೆರಿ ಎಳದಿರ್ರಿ.

ರ‍್ಯಾಂಪು. ಇದು ಕಾಂಪೌಂಡ್ ಒಳಗ ಇರ್ಬೇಕು, ಚರಂಡಿ ದಾಟಿ ರಸ್ತಿಗೆ ಬರಬಾರ್ದು. ಒಂದಡಿ ಎತ್ತರಕ್ಕ ಆರಡಿ ಉದ್ದ ಆದ್ರೂ ಬೇಕು, ಮ್ಯಾಲಿನ ಅಂಚು ಉರುಟು ಇರ್ಬೇಕು. ಅಂಚು ಚೂಪಿದ್ರ ಸ್ವಿಫ್ಟಿನ ಹೊಟ್ಟಿ ಹತ್ತತತಿ, ಅದಕ್ಕ ನೆಲದಿಂದ ಇರಾದು ಬರೇ 163 ಎಂಎಂ.

ಗರಾಜಿನ ಕಡೆಯಿಂದ

ಹೊರಗೆ ನಿಲ್ಲೋ ಕಾರಿಗೆ ನಾಲ್ಕು ಮಾತು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದ್ರೆ ಬ್ಯಾಟರಿ ಸರಿಯಾಗಿ ಚಾರ್ಜ್ ಆಗಲ್ಲ. ಮಳೆಗಾಲದಲ್ಲಿ ಬಹಳ ದಿನ ನಿಲ್ಲಿಸೋದಾದ್ರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ, ಇಲ್ಲಾಂದ್ರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತೆ. ಧೂಳು ಕೂತ ಕಾರಿಗೆ ಹಾಗೇ ಕವರ್ ಹಾಕಬೇಡಿ, ಗಾಳಿಗೆ ಕವರ್ ಅಲುಗಾಡಿ ಉಪ್ಪುಕಾಗದದಂತೆ ಬಣ್ಣ ತಿಕ್ಕುತ್ತೆ. ಚರಂಡಿ ಪಕ್ಕ ಅಂದ್ರೆ ಹೆಗ್ಗಣ ಗ್ಯಾರಂಟಿ. ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಕಟ್ಟೋದು ವಾಸನೆ ಇರೋ ತನಕ ಮಾತ್ರ. ಎಸಿ ಗಾಳಿ ಎಳೆಯೋ ಬಾಯಿಗೆ ಕಾಲಿಂಚಿನ ಜಾಲರಿ ಹೊಡೆಸಿ.

ಯಾರೋ ಗೀರಿ ಹೋದ್ರೆ ತಕ್ಷಣ ವಿಮೆ ಕ್ಲೇಮಿಗೆ ಓಡಬೇಡಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20, ಐದು ವರ್ಷಕ್ಕೆ 50 ಪರ್ಸೆಂಟ್ ರಿಯಾಯಿತಿ ಸಿಗುತ್ತೆ, ಒಂದು ಕ್ಲೇಮಿಗೆ ಅದು ಸೊನ್ನೆಗೆ ಬರುತ್ತೆ. ಬಂಪರ್ ಬಣ್ಣದ ಖರ್ಚು, ಕಳ್ಕೊಳ್ಳೋ ರಿಯಾಯಿತಿ ಎರಡನ್ನೂ ತೂಗಿ ನೋಡಿ.

ವಿದ್ಯಾನಗರ

ಬೀದಿಯಲ್ಲಿ ವಾಟ್ಸಾಪ್ ಗುಂಪು ಮಾಡಿದ್ರೆ ಸಾಲದು, ಗುಡ್ ಮಾರ್ನಿಂಗಲ್ಲೇ ಮುಳುಗಿಹೋಗುತ್ತೆ. ಪ್ರತಿ ಕಾರಿನ ಗಾಜಿನ ಒಳಗೆ ಫೋನ್ ನಂಬರ್ ಚೀಟಿ ಇರಲಿ. ನೀರಿನ ವಾಲ್ವ್ ಗುಂಡಿ, ಯುಜಿಡಿ (ಒಳಚರಂಡಿ) ಚೇಂಬರ್ ಮೇಲೆ ಯಾರೂ ನಿಲ್ಲಿಸಬಾರದು. ನೀರು ಬಿಡೋವನು ಬಂದಾಗ ವಾಲ್ವ್ ಮೇಲೆ ಚಕ್ರ ಇದ್ರೆ ಇಡೀ ಬೀದಿಗೆ ನೀರಿಲ್ಲ, ಮತ್ತೆ ಬರೋ ತನಕ ಕಾಯಬೇಕು. ತಿರುವಿನಿಂದ 20 ಅಡಿ ಖಾಲಿ ಬಿಡಿ, ಸ್ಕೂಲ್ ವ್ಯಾನಿಗೂ ಕಸದ ಗಾಡಿಗೂ ತಿರುಗೋಕೆ ಅದು ಬೇಕು.

ಅಳತೆಟೇಪು

ಎದುರು ಮನೆಯ ಉಳಿದ ಎರಡು ಕಾರಿಗೆ ಹತ್ತಿರದಲ್ಲಿ ಖಾಲಿ ಸೈಟು ಇದೆಯಾ ನೋಡಿ. 30×40 ಸೈಟಿನಲ್ಲಿ ಒಬ್ಬರಿಗೊಬ್ಬರು ಅಡ್ಡ ಬರದಂತೆ ಮೂರು ಕಾರು, ಕೀಲಿ ಕೊಟ್ಟು ಹೋಗೋದಾದ್ರೆ ಆರು. ಎರೆ ಮಣ್ಣಿದ್ರೆ ಮೊದಲ ಮಳೆಗೇ ಚಕ್ರ ಹೂತುಹೋಗುತ್ತೆ. ಮುಂದಿನ 20 ಅಡಿಗೆ 4 ಇಂಚು ಗರಸು ಹೊಡೆಸಿ, 200 ಘನ ಅಡಿ ಬೇಕು, ಅಂದ್ರೆ ಎರಡು ಬ್ರಾಸ್. ಸೈಟಿನವರಿಗೆ ಹೆದರಿಕೆ ಬಾಡಿಗೆಯದ್ದಲ್ಲ, ಜಾಗ ಹಿಡ್ಕೊಂಡಾರು ಅನ್ನೋದು. ತಿಂಗಳ ನೋಟಿಸಿಗೆ ಖಾಲಿ ಮಾಡ್ತೀವಿ, ಶೆಡ್ಡು ಹಾಕಲ್ಲ, ಬರೀ ಗಾಡಿ ನಿಲ್ಲಿಸೋ ಅನುಮತಿ ಅಂತ ನೀವೇ ಮುಂದಾಗಿ ಬರೆದುಕೊಟ್ರೆ ಒಪ್ತಾರೆ.

ಕೇಳಿದವರು, ನಿಟ್ಟುವಳ್ಳಿ

ಅಳೆದೆ. 17 ಇಲ್ಲ, 15½ ಅಡಿ. ಒಂದೂವರೆ ಅಡಿ ತಿಂದಿರೋದು ನಮ್ಮದೇ ರ‍್ಯಾಂಪು! ಎದುರಿನವರ ಹತ್ರ ಹೋಗೋಕೆ ಮುಂಚೆ ಅದನ್ನ ಒಡೆಸ್ತೀನಿ. ರ‍್ಯಾಂಪು ಒಳಗೆ ತಂದ್ರೆ ಸಂಪಿನ ಮೇಲೇ ಚಕ್ರ ಬರುತ್ತೆ. ತಡೀತದಾ?

ಮೇಸ್ತ್ರಿ ಕೆಲಸ

ತಗಡಿನ ಮುಚ್ಚಳದ ಮ್ಯಾಲ ಚಕ್ರ ಬರಬಾರ್ದು, ಅದು ಖಾತ್ರಿ. ಮುಚ್ಚಳ ಎರಡು ಚಕ್ರದ ನಡುವಿಗೆ ಬರಾಂಗ ರ‍್ಯಾಂಪು ಕೂಡಸ್ರಿ. ಸ್ಲ್ಯಾಬು ಹಳೇದಾಗಿದ್ರ ಮುಚ್ಚಳ ತೆಗೆದು ಅಂಚಿನ ದಪ್ಪ ಅಳೀರಿ. 4 ಇಂಚು ಇದ್ರ ಅದು ಮಂದಿ ಓಡಾಡಾಕ ಹಾಕಿದ್ದು, 6 ಇದ್ರ ಒಂದು ಮಾತು. ನೀರು ಕಮ್ಮಿ ಆದ ದಿನ ಟಾರ್ಚ್ ಹಿಡಿದು ಸ್ಲ್ಯಾಬಿನ ಅಡಿ ನೋಡ್ರಿ: ಸರಳಿನ ಗುಂಟ ಕೆಂಪು ತುಕ್ಕಿನ ಗೆರಿ ಇಳಿದಿದ್ರ, ಸಿಮೆಂಟು ಹೊಪ್ಪಳಿಕಿ ಎದ್ದಿದ್ರ ಕಾರು ಹತ್ತಿಸಬ್ಯಾಡ್ರಿ, ಮೊದ್ಲು ಸ್ಲ್ಯಾಬು ಬದಲ್ಸ್ರಿ. ಒಳಗ ಇಳಿಯಾದಾದ್ರ ಮುಚ್ಚಳ ತೆಗೆದು ತಾಸು ಗಾಳಿ ಆಡಸ್ರಿ, ಒಬ್ರೇ ಇಳೀಬ್ಯಾಡ್ರಿ.