ಕಾಲೇಜಿನ ಕ್ರೀಡಾ ಶುಲ್ಕ: ಮೈದಾನಕ್ಕೇ ಇಳಿಯದ ವಿದ್ಯಾರ್ಥಿ ಏಕೆ ಕಟ್ಟಬೇಕು?

ಪ್ರಶ್ನೆ: ಕಾಪುವಿನ ಪೋಷಕ

ಮಗಳು ಮಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ. ಈ ಸಲ ರಸೀದಿಯನ್ನು ಸಾಲು ಸಾಲಾಗಿ ಓದಿದಾಗ ಕ್ರೀಡೆಯ ಹೆಸರಿನಲ್ಲಿ ಎರಡು ಕಡೆ ಹಣ ಹಿಡಿದಿರುವುದು ಕಂಡಿತು. ಒಂದು ವಿಶ್ವವಿದ್ಯಾಲಯದ ಕ್ರೀಡಾ ಶುಲ್ಕ, ಅದು ಸಣ್ಣ ಮೊತ್ತ. ಇನ್ನೊಂದು ಕಾಲೇಜಿನ ‘ಕ್ರೀಡಾಭಿವೃದ್ಧಿ ನಿಧಿ’, 900 ರೂಪಾಯಿ. ನಮ್ಮದು ಬೋಟಿನ ದುಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲೇ ಕಾಲೇಜಿನ ಹಣವನ್ನೂ ಹೊಂದಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ 900 ರೂಪಾಯಿ ಸಣ್ಣದಲ್ಲ.

ಮಗಳು ಪ್ರೌಢಶಾಲೆಯಲ್ಲಿ ಥ್ರೋಬಾಲ್ ಆಡುತ್ತಿದ್ದವಳು. ಕಾಲೇಜು ತಂಡಕ್ಕೆ ಆಯ್ಕೆಯಾಗಲಿಲ್ಲ, ಅದಕ್ಕೆ ಬೇಸರವಿಲ್ಲ. ಆದರೆ ತರಗತಿ ಮುಗಿದ ಮೇಲೆ ಗೆಳತಿಯರೊಡನೆ ಅರ್ಧ ಗಂಟೆ ಆಡೋಣವೆಂದು ಹೋದರೆ, ಅಂಕಣ ತಂಡದವರ ಅಭ್ಯಾಸಕ್ಕೆ ಮಾತ್ರ ಎಂದು ವಾಪಸು ಕಳಿಸಿದ್ದಾರೆ. ಅಮೆರಿಕದ ಕಾಲೇಜುಗಳು ಆಟದಿಂದಲೇ ಕೋಟಿಗಟ್ಟಲೆ ಗಳಿಸುತ್ತವೆ ಎಂದು ಕೇಳಿದ್ದೇನೆ. ನಮ್ಮಲ್ಲಿ ಕ್ರೀಡಾ ವಿಭಾಗ ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತದೆಯೇ, ಅಥವಾ ಆಡದ ಮಕ್ಕಳ ಹಣದಲ್ಲಿ ನಡೆಯುತ್ತದೆಯೇ? ಬಲ್ಲವರು ತಿಳಿಸಬೇಕು.

ಉತ್ತರ 1: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಉಡುಪಿ

ಪೋಷಕರೇ, ನಮ್ಮ ಜಿಲ್ಲೆಗಳಲ್ಲಿ ತನ್ನ ಖರ್ಚನ್ನು ತಾನೇ ದುಡಿದುಕೊಂಡ ಕ್ರೀಡಾ ವಿಭಾಗವನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಅಂತರ ಕಾಲೇಜು ಪಂದ್ಯಾಟಕ್ಕೆ ಟಿಕೆಟ್ ಇಲ್ಲ, ಟಿ.ವಿ. ಹಕ್ಕಿನ ಮಾತೇ ಇಲ್ಲ. ಊರಿನ ಹೊನಲು ಬೆಳಕಿನ ಕಬಡ್ಡಿಗೆ ಸೇರುವ ಜನರಲ್ಲಿ ಕಾಲು ಭಾಗವೂ ಮಂಗಳಾ ಕ್ರೀಡಾಂಗಣದಲ್ಲೋ ಅಜ್ಜರಕಾಡಿನಲ್ಲೋ ನಡೆಯುವ ಕಾಲೇಜು ಕ್ರೀಡಾಕೂಟಕ್ಕೆ ಬರುವುದಿಲ್ಲ. ಭಾನುವಾರ ಕ್ರಿಕೆಟ್ ಪಂದ್ಯಾಟಕ್ಕೆ ಮೈದಾನ ಬಾಡಿಗೆಗೆ ಕೊಟ್ಟರೆ ಬರುವ ಹಣ ಹುಲ್ಲು ಕತ್ತರಿಸಲು ಮತ್ತು ಸುಣ್ಣದ ಗೆರೆ ಎಳೆಯಲು ಸರಿಹೋಗುತ್ತಿತ್ತು, ಅಷ್ಟೇ.

ವಿಶ್ವವಿದ್ಯಾಲಯದ ಪಾಲಿನ ಸಣ್ಣ ಶುಲ್ಕದ ಬಗ್ಗೆ ನನಗೆ ತಕರಾರಿಲ್ಲ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ಮಕ್ಕಳನ್ನು ರೈಲಿನಲ್ಲಿ ಕಳಿಸುವುದು, ದಿನಭತ್ಯೆ, ಸಮವಸ್ತ್ರ, ತರಬೇತಿ ಶಿಬಿರ ಎಲ್ಲವೂ ಇಂಥ ಹಣದಿಂದಲೇ ಆಗಬೇಕು. ತೊಡಕಿರುವುದು ಎರಡನೆಯ ನಿಧಿಯಲ್ಲಿ. ಪ್ರತಿಭಾವಂತ ಕ್ರೀಡಾಪಟುಗಳನ್ನು ಹೊರ ಜಿಲ್ಲೆಗಳಿಂದ ಕರೆತಂದು ಶುಲ್ಕ, ಹಾಸ್ಟೆಲ್, ಊಟ ಉಚಿತವಾಗಿ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಇದು ಒಳ್ಳೆಯ ಕೆಲಸ. ಬಡವರ ಮನೆಯ ಎಷ್ಟೋ ಮಕ್ಕಳು ಇದರಿಂದ ಪದವೀಧರರಾದದ್ದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಅವರು ಗೆದ್ದ ಪದಕದಿಂದ ಲಾಭ ಯಾರಿಗೆ? ಮರುದಿನ ಪತ್ರಿಕೆಯಲ್ಲಿ ಆಡಳಿತ ಮಂಡಳಿಯವರ ಚಿತ್ರ ಬರುತ್ತದೆ, ಪ್ರವೇಶಾತಿಯ ಕಾಲಕ್ಕೆ ರಸ್ತೆಯುದ್ದಕ್ಕೂ ಫ್ಲೆಕ್ಸ್ ಏಳುತ್ತದೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಪದಕಗಳ ಲೆಕ್ಕ ತೋರಿಸಲು ಅನುಕೂಲವಾಗುತ್ತದೆ. ಸಂಸ್ಥೆಯ ಹೆಸರು ಬೆಳೆಸುವ ಈ ಖರ್ಚನ್ನು ಸಂಸ್ಥೆಯೇ ಭರಿಸಬೇಕಲ್ಲದೆ ಕಾಪುವಿನ ಬೋಟಿನ ದುಡಿಮೆಯವರ ರಸೀದಿಯಲ್ಲಿ ಸೇರಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕ್ರೀಡೆ ಲಾಭ ತರಬೇಕೆಂದು ನಾನು ಎಂದೂ ಹೇಳಿದವನಲ್ಲ. ಗ್ರಂಥಾಲಯವೂ ಲಾಭ ತರುವುದಿಲ್ಲ, ಆದರೆ ಶುಲ್ಕ ಕಟ್ಟಿದ ಪ್ರತಿಯೊಬ್ಬರಿಗೂ ಅದರ ಬಾಗಿಲು ತೆರೆದಿರುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರುಗದ್ದೆ. ಮಳೆ ಬಿಟ್ಟ ಮೇಲೆ ಪರೀಕ್ಷೆಯ ನಡುವೆ ಸಿಗುವ ಆಟದ ದಿನಗಳೇ ಕಡಿಮೆ. ಅಷ್ಟರಲ್ಲೂ ತಂಡದ ಹನ್ನೆರಡು ಮಂದಿಗೆ ಮಾತ್ರ ಅಂಕಣ ಮೀಸಲಿಟ್ಟರೆ ಉಳಿದವರು ಕಟ್ಟಿದ ಹಣಕ್ಕೆ ಅರ್ಥವೇನು? ನಾನು ವಾರದಲ್ಲಿ ಎರಡು ಸಂಜೆ ಎಲ್ಲರಿಗೂ ಮೈದಾನ ಬಿಟ್ಟುಕೊಟ್ಟಿದ್ದೆ. ತರಬೇತುದಾರರು ಮುನಿಸಿಕೊಂಡರು, ಆದರೆ ಪದಕಗಳೇನೂ ಕಡಿಮೆಯಾಗಲಿಲ್ಲ.

ಉತ್ತರ 2: ಮಣಿಪಾಲದಿಂದ

ಅಮೆರಿಕದಲ್ಲಿ ಓದಿ ಬಂದವಳಾದ್ದರಿಂದ ಆ ಭಾಗಕ್ಕೆ ಉತ್ತರಿಸುತ್ತೇನೆ. ಕೋಟಿಗಟ್ಟಲೆ ಗಳಿಕೆ ಸುಳ್ಳಲ್ಲ, ಆದರೆ ಅದು ಕೆಲವೇ ವಿಶ್ವವಿದ್ಯಾಲಯಗಳ ಅಮೆರಿಕನ್ ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್‌ನ ಕಥೆ. ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎಯ ಮೊದಲ ದರ್ಜೆಯಲ್ಲೇ ಸುಮಾರು 350 ವಿದ್ಯಾಸಂಸ್ಥೆಗಳಿವೆ. ಅದರದೇ ಲೆಕ್ಕದಂತೆ 2019ರಲ್ಲಿ ಖರ್ಚಿಗಿಂತ ಹೆಚ್ಚು ಗಳಿಸಿದ ಕ್ರೀಡಾ ವಿಭಾಗಗಳು 25 ಮಾತ್ರ. ಮಿಕ್ಕ ಕಡೆಗಳಲ್ಲಿ ಕೊರತೆಯನ್ನು ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಯಿಂದ, ಹಲವೆಡೆ ಪ್ರತಿ ವಿದ್ಯಾರ್ಥಿಯಿಂದ ವಸೂಲು ಮಾಡುವ ಕ್ರೀಡಾ ಶುಲ್ಕದಿಂದ ತುಂಬುತ್ತಾರೆ. ನಿಮ್ಮ ಮಗಳ ಪ್ರಶ್ನೆಯನ್ನೇ ಅಲ್ಲಿನ ವಿದ್ಯಾರ್ಥಿಗಳೂ ಕೇಳುತ್ತಿದ್ದಾರೆ.

ನಿಲ್ಲಿಸುವುದೂ ಸುಲಭವಲ್ಲ. ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಘಟಕವು ಖರ್ಚು ತಾಳಲಾರದೆ 2014ರ ಡಿಸೆಂಬರಿನಲ್ಲಿ ಫುಟ್‌ಬಾಲ್ ತಂಡವನ್ನು ಮುಚ್ಚುವುದಾಗಿ ಘೋಷಿಸಿತು. ವಿದ್ಯಾರ್ಥಿಗಳೂ ಊರಿನವರೂ ತಿರುಗಿಬಿದ್ದು ಹಣ ಕೂಡಿಸಿದರು. ಮರುವರ್ಷವೇ ಆ ನಿರ್ಧಾರವನ್ನು ಹಿಂದಕ್ಕೆ ಪಡೆಯಲಾಯಿತು, 2017ರಲ್ಲಿ ತಂಡ ಮತ್ತೆ ಆಡಿತು. ಚಿಕಾಗೋ ವಿಶ್ವವಿದ್ಯಾಲಯ ಮಾತ್ರ 1939ರಲ್ಲಿ ಫುಟ್‌ಬಾಲನ್ನು ಕೈಬಿಟ್ಟು ದಶಕಗಳ ಕಾಲ ಹಾಗೆಯೇ ಉಳಿಯಿತು, ಅದರ ವಿದ್ವತ್ತಿನ ಕೀರ್ತಿಗೆ ಏನೂ ಕುಂದು ಬರಲಿಲ್ಲ. 2025ರಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ನಂತರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶವಾಗಿರುವುದರಿಂದ ಈ ಹೊರೆ ಇನ್ನಷ್ಟು ಹೆಚ್ಚಬಹುದೆಂಬ ಆತಂಕ ಅಲ್ಲಿದೆ. ನಾವು ಅನುಸರಿಸಬೇಕಾದ ಮಾದರಿ ಅದಲ್ಲ ಎಂದೇ ನನಗನಿಸುತ್ತದೆ.

ಉತ್ತರ 3: ಕುಂದಾಪುರದ ಮಾಜಿ ಓಟಗಾರ

ನಾನು ಇತರರ ಶುಲ್ಕದಲ್ಲಿ ಓಡಿದವನು, ಆದ್ದರಿಂದ ಇದನ್ನು ಬರೆಯಲೇಬೇಕು. ಕಾಲೇಜಿಗೆ ಸೇರುವಾಗ ನನ್ನ ಹತ್ತಿರ ಸ್ಪೈಕ್ಸ್, ಅಂದರೆ ಮೊಳೆಯುಳ್ಳ ಓಟದ ಬೂಟು, ಇರಲಿಲ್ಲ. ಮುರಕಲ್ಲಿನ ಚೂರು ತುಂಬಿದ ಮಣ್ಣಿನಲ್ಲಿ ಬರಿಗಾಲಿನಲ್ಲಿ ಓಡಿ ಹಿಮ್ಮಡಿ ಒಡೆದಿತ್ತು. ಮೊದಲ ಜೊತೆ ಸ್ಪೈಕ್ಸ್ ಕೊಡಿಸಿದ್ದು, ಬೆಳಗಿನ ಅಭ್ಯಾಸದ ನಂತರ ಮೊಟ್ಟೆ, ಹಾಲು ಕೊಟ್ಟಿದ್ದು ಕಾಲೇಜು. ಇಂದು ಕ್ರೀಡಾ ಕೋಟಾದಲ್ಲಿ ಸಿಕ್ಕಿದ ರೈಲ್ವೆ ಉದ್ಯೋಗದಿಂದ ನನ್ನ ಮನೆ ನಡೆಯುತ್ತಿದೆ. ನಮ್ಮ ಸೀಮೆಯ ವಂಡ್ಸೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಲಾರಿ ಚಾಲಕರ ಮಗನಾದ ಅವರಿಗೆ ಭಾರ ಎತ್ತುವ ಅಭ್ಯಾಸ ಹತ್ತಿದ್ದು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ. ಕಾಲೇಜಿನ ಲೆಕ್ಕಪುಸ್ತಕದ ಜಮೆಯ ಬದಿಯಲ್ಲಿ ಇವು ಕಾಣುವುದಿಲ್ಲ. ಶುಲ್ಕ ಬೇಡವೆಂದು ದಯವಿಟ್ಟು ಹೇಳಬೇಡಿ. ಲೆಕ್ಕ ಕೇಳಿ, ಮೈದಾನ ಕೇಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಕುಂದಾಪುರದವರ ಮಾತು ಓದಿದ ಮೇಲೆ ಹಣ ವಾಪಸು ಕೇಳುವ ಯೋಚನೆ ಬಿಟ್ಟೆ. ಮಗಳು ಮತ್ತು ಅವಳ ತರಗತಿಯ ಹತ್ತೊಂಬತ್ತು ಮಂದಿ ಸಹಿ ಮಾಡಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟಿದ್ದಾರೆ: ಬುಧವಾರ ಮತ್ತು ಶನಿವಾರ ಸಂಜೆ ಥ್ರೋಬಾಲ್ ಅಂಕಣ ಎಲ್ಲರಿಗೂ ತೆರೆದಿರಬೇಕು, ಕ್ರೀಡಾಭಿವೃದ್ಧಿ ನಿಧಿಯ ಜಮಾ ಖರ್ಚನ್ನು ಮುಂದಿನ ಪೋಷಕರ ಸಭೆಯಲ್ಲಿ ಓದಬೇಕು. ಅರ್ಜಿ ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಂಡಿದ್ದಾಳೆ. ಸಭೆಗೆ ನಾನೂ ಹೋಗುತ್ತೇನೆ.