ಜಿಯು ಜಿಟ್ಸು ಕಲಿಯಲು ಒಂದು ತಿಂಗಳು ರಿಯೊಗೆ ಹೋಗಬೇಕು ಅಂತಿದ್ದೇನೆ, ಹೋಗಿಬಂದವರು ಸ್ವಲ್ಪ ಹೇಳಿ

ದಾವಣಗೆರೆ_ನೀಲಿಬೆಲ್ಟ್:

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ಚಿಕ್ಕಪ್ಪ ಗರಡಿಗೆ ಕರೆದುಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷ ಮಟ್ಟಿಯಲ್ಲಿ ಆಡಿದ್ದೇನೆ, ಎಸ್ಸೆಸ್ಸೆಲ್ಸಿ ಬಂದಾಗ ಅದು ನಿಂತುಹೋಯಿತು. ಮೂರು ವರ್ಷದ ಹಿಂದೆ ಇಲ್ಲಿ ಬ್ರೆಜಿಲಿಯನ್ ಜಿಯು ಜಿಟ್ಸು (ನೆಲದ ಮೇಲೆ ಪಟ್ಟು ಹಾಕಿ ಸೋಲಿಸುವ, ಕುಸ್ತಿಯಂಥ ಆಟ) ಶುರು ಮಾಡಿದೆ, ಹೋದ ವರ್ಷ ನೀಲಿ ಬೆಲ್ಟ್ ಸಿಕ್ಕಿತು. ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಅಂತ ಹಂತಗಳಲ್ಲಿ ಅದು ಎರಡನೆಯದು. ವಾರಕ್ಕೆ ನಾಲ್ಕು ದಿನ ಮ್ಯಾಟ್ ಮೇಲೆ ಇರುತ್ತೇನೆ.

ಮುಂದಿನ ವರ್ಷ ಐದು ವಾರ ರಜೆ ಒಟ್ಟುಮಾಡಿಕೊಂಡು ರಿಯೊ ಡಿ ಜನೈರೊಗೆ ಹೋಗಬೇಕು ಅಂತ ಆಸೆ. ಯಾಕೆ ಅಷ್ಟು ದೂರ ಅಂತ ಮನೆಯಲ್ಲಿ ಕೇಳುತ್ತಾರೆ. ಈ ಆಟ ಬೆಳೆದದ್ದು ಅಲ್ಲೇ ಅಲ್ವಾ? ಜಪಾನಿನ ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಬಂದದ್ದು, ಬೆಲೆಂ ಊರಿನಲ್ಲಿ ಮಾಯೆದಾ ಅವರಿಂದ ಕಾರ್ಲೋಸ್ ಗ್ರೇಸಿ ಕಲಿತದ್ದು, ಆಮೇಲೆ ಆ ಮನೆತನ ರಿಯೊದಲ್ಲಿ ನೆಲೆನಿಂತು ಊರಿಗೆಲ್ಲ ಕಲಿಸಿದ್ದು, ಇದನ್ನೆಲ್ಲ ಓದಿ ಓದಿ ಒಂದು ಸಲ ಆ ಮ್ಯಾಟ್ ಮೇಲೆ ಕಾಲಿಡಬೇಕು ಅನ್ನಿಸಿಬಿಟ್ಟಿದೆ.

ಯಾವ ಅಕಾಡೆಮಿ, ಯಾವ ತಿಂಗಳು, ನಮ್ಮ ಕೋಚ್‌ಗೆ ಹೇಗೆ ಹೇಳುವುದು, ನೀಲಿ ಬೆಲ್ಟ್‌ನವನನ್ನು ಅಲ್ಲಿ ಮಾತಾಡಿಸುತ್ತಾರಾ ಅಥವಾ ಸುಮ್ನೆ ಮೂಲೆಯಲ್ಲಿ ಕೂರಿಸುತ್ತಾರಾ, ಪೋರ್ಚುಗೀಸ್ ಬರದಿದ್ದರೆ ನಡೆಯುತ್ತಾ? ನಾನು ಸಸ್ಯಾಹಾರಿ, ಮೊಟ್ಟೆ ತಿನ್ನುತ್ತೇನೆ. ಎಡ ಮೊಣಕಾಲು ಸ್ವಲ್ಪ ತೊಂದರೆ ಕೊಡುತ್ತದೆ. ದಯವಿಟ್ಟು ವಿವರವಾಗಿ ಹೇಳಿ.

ಮೈಸೂರು_ಮಟ್ಟಿ:

ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನೀಲಿ ಬೆಲ್ಟ್‌ನಲ್ಲಿ, ಎರಡನೇ ಸಲ ನೇರಳೆ ಬೆಲ್ಟ್ ಬಂದ ಮೇಲೆ. ಗರಡಿಯಲ್ಲಿ ಬೆಳೆದವರು ಅಂದಿರಿ, ಹಾಗಾಗಿ ಅರ್ಧ ವಿಷಯ ನಿಮಗೆ ಗೊತ್ತೇ ಇದೆ.

ಮೊದಲು ನಿಮ್ಮ ಕೋಚ್‌ಗೆ ಹೇಳಿ. ಟಿಕೆಟ್ ಮಾಡಿಸಿದ ಮೇಲೆ ಅಲ್ಲ, ಈಗಲೇ. ಒಬ್ಬ ಉಸ್ತಾದರ ಹತ್ತಿರ ಕಲಿಯುತ್ತಿರುವವನು ಅವರಿಗೆ ಹೇಳದೆ ಇನ್ನೊಂದು ಗರಡಿಯ ಮಟ್ಟಿಗೆ ಇಳಿಯುತ್ತಾನಾ? ಇಲ್ಲ ಅಲ್ವಾ. ಅಲ್ಲೂ ಅದೇ ಲೆಕ್ಕ. ತಂಡ ಬಿಟ್ಟು ತಂಡಕ್ಕೆ ಹಾರುವವನಿಗೆ ಅಲ್ಲಿ 'ಕ್ರಿಯೊಂಚಿ' ಅಂತ ಒಂದು ಬೈಗುಳವೇ ಇದೆ. ಅದೇ ಗ್ರೇಸಿ ಮನೆತನದ ಕೋಚ್ ಕಾರ್ಲ್ಸನ್ ಗ್ರೇಸಿ ಒಂದು ಟಿವಿ ಧಾರಾವಾಹಿಯ ಪಾತ್ರದ ಹೆಸರನ್ನು ಹೀಗೆ ಬಳಕೆಗೆ ತಂದರು ಅನ್ನುತ್ತಾರೆ. ಪ್ರವಾಸಿಗೆ ಯಾರೂ ಹಾಗೆ ಅನ್ನುವುದಿಲ್ಲ, ಆದರೆ ನಿಮ್ಮ ಕೋಚ್ ಯಾರು ಅಂತ ಮೊದಲ ದಿನವೇ ಕೇಳುತ್ತಾರೆ. ಅವರ ಹೆಸರನ್ನು, ಅವರ ಗುರುವಿನ ಹೆಸರನ್ನು ತಡವರಿಸದೆ ಹೇಳಬೇಕು. ನಿಮ್ಮ ಕೋಚೇ ಅಲ್ಲಿಗೆ ಎರಡು ಸಾಲು ಬರೆದರೆ ಇನ್ನೂ ಒಳ್ಳೆಯದು. ನಮ್ಮ ಸರ್ ಬರೆದಿದ್ದರು, ಬಾಗಿಲಲ್ಲೇ ನನ್ನ ಹೆಸರು ಹಿಡಿದು ಕರೆದರು.

ಅಕಾಡೆಮಿಯ ಹೆಸರಿಗಿಂತ ಬಡಾವಣೆ ನೋಡಿ ಆರಿಸಿ. ಉಮಾಯ್ತಾದಲ್ಲಿ ಗ್ರೇಸಿ ಉಮಾಯ್ತಾ, ಫ್ಲಮೆಂಗೊ ಕಡೆ ನೋವಾ ಉನಿಯಾವ್, ಕೊಪಕಬಾನಾದಲ್ಲಿ ಕಾರ್ಲ್ಸನ್ ಗ್ರೇಸಿ ಪರಂಪರೆ, ಇವೆಲ್ಲ ನಗರದ ದಕ್ಷಿಣ ಭಾಗ, ಒಂದಕ್ಕೊಂದು ಹತ್ತಿರ. ಗ್ರೇಸಿ ಬಾಹಾ 1986ರಲ್ಲಿ ಶುರುವಾದದ್ದು ಬಾಹಾ ಡ ಟಿಜುಕಾದಲ್ಲಿ, ಅದು ದೂರ. 2016ರ ಒಲಿಂಪಿಕ್ಸ್ ಹೊತ್ತಿಗೆ ಮೆಟ್ರೊ ಬಾಹಾದ ಅಂಚಿನವರೆಗೆ ಬಂತು, ಆದರೂ ಕೊಪಕಬಾನಾದಲ್ಲಿ ರೂಮ್ ಮಾಡಿ ಬಾಹಾದಲ್ಲಿ ಕ್ಲಾಸ್ ಇಟ್ಟುಕೊಂಡರೆ ದಿನಕ್ಕೆ ಎರಡು ಮೂರು ಗಂಟೆ ದಾರಿಯಲ್ಲೇ ಹೋಗುತ್ತದೆ. ಮ್ಯಾಟ್‌ನಿಂದ ನಡೆದು ಹೋಗುವ ದೂರದಲ್ಲಿ ರೂಮ್ ಮಾಡಿ. ಇದೊಂದು ಮಾತ್ರ ನನ್ನ ಮಾತು ಕೇಳಿ.

ಮುಂಚೆಯೇ ಮೆಸೇಜ್ ಮಾಡಿ ಹೊರಗಿನವರಿಗೆ ದಿನದ ಲೆಕ್ಕವೋ ತಿಂಗಳ ಲೆಕ್ಕವೋ, ಗೀ (ಈ ಆಟದ ದಪ್ಪ ಬಟ್ಟೆಯ ಉಡುಪು) ಯಾವ ಬಣ್ಣ ಅಂತ ಕೇಳಿಕೊಳ್ಳಿ. ಕೆಲವು ಕಡೆ ಬಿಳಿ ಮಾತ್ರ, ಕೆಲವು ಕಡೆ ಅವರದೇ ಗೀ ಕೊಳ್ಳಬೇಕು. ಅಂದಹಾಗೆ ಅಲ್ಲಿ 'ಗೀ' ಅಂದರೆ ಯಾರಿಗೂ ಗೊತ್ತಾಗಲಿಲ್ಲ, ಅವರು 'ಕಿಮೋನೊ' ಅನ್ನುತ್ತಾರೆ. ಗ್ರೇಸಿ ಮನೆತನದವರ ಹೆಸರನ್ನೂ ಅವರ ಹಾಗೆ ಹೇಳಿ: ರಿಕ್ಸನ್ ಅಲ್ಲ, ಹಿಕ್ಸನ್. ರಾಯ್ಸ್ ಅಲ್ಲ, ಹೋಯ್ಸ್. ಊರಿನ ಹೆಸರೇ ಅವರ ಬಾಯಲ್ಲಿ 'ಹಿಯೂ'.

ಒಳಗೆ ಹೋದ ತಕ್ಷಣ ಮ್ಯಾಟ್ ಮೇಲೆ ಇರುವ ಪ್ರತಿಯೊಬ್ಬರಿಗೂ ಕೈ ಕೊಡಿ. ಇಪ್ಪತ್ತೈದು ಜನ ಇದ್ದರೆ ಇಪ್ಪತ್ತೈದು ಜನಕ್ಕೂ. ನಾನು ಮೊದಲ ದಿನ ಸಂಕೋಚಪಟ್ಟು ಗೋಡೆ ಪಕ್ಕ ನಿಂತಿದ್ದೆ. ಎಪ್ಪತ್ತು ದಾಟಿದ ಒಬ್ಬ ಹಿರಿಯರು, ಕಪ್ಪಿಗಿಂತಲೂ ಮೇಲಿನ ಕೆಂಪು-ಕಪ್ಪು ಬೆಲ್ಟ್, ತಾವೇ ನಡೆದು ಬಂದು ಕೈ ಕೊಟ್ಟರು. ನನಗೆ ನಮ್ಮ ಗರಡಿಯಲ್ಲಿ ಮಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನೆನಪಾಯಿತು. ಆಮೇಲೆ ಒಂದು ದಿನವೂ ಅದನ್ನು ತಪ್ಪಿಸಲಿಲ್ಲ.

ಮೊದಲ ವಾರ ದಿನಕ್ಕೆ ಒಂದೇ ಕ್ಲಾಸ್. ಅವರ ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ, ಸಂಜೆ ಏಳಕ್ಕೆ ನೀವು ರೋಲ್ ಮಾಡುವಾಗ (ಅಂದರೆ ಜೊತೆಗಾರನ ಜೊತೆ ಆಡುವಾಗ) ನಿಮ್ಮ ದೇಹಕ್ಕೆ ಬೆಳಗಿನ ಜಾವ ಮೂರೂವರೆ. ನಾನು ಹಣ ಕೊಟ್ಟು ಬಂದಿದ್ದೇನೆ ಅಂತ ಮೂರನೇ ದಿನವೇ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಕ್ಲಾಸಿಗೆ ಇಳಿದೆ. ನಾಲ್ಕನೇ ದಿನ ಪಕ್ಕೆಲುಬು ಹಿಡಿದುಕೊಂಡು ಒಂಬತ್ತು ದಿನ ಕೂತು ನೋಡಿದೆ. ಇಪ್ಪತ್ತೆಂಟು ದಿನದಲ್ಲಿ ಒಂಬತ್ತು ದಿನ, ಯೋಚಿಸಿ.

ಕೊನೆಯದು, ಒಂದೇ ಅಕಾಡೆಮಿಯಲ್ಲಿ ಇರಿ. ಮೊದಲ ವಾರ ನಿಮ್ಮನ್ನು ತೂಗಿ ನೋಡುತ್ತಾರೆ, ಜೋರಾಗಿಯೇ ಬರುತ್ತಾರೆ. ಎರಡನೇ ವಾರ ಮತ್ತೆ ಬಾಗಿಲಲ್ಲಿ ಕಂಡಾಗ ಮುಖ ಬದಲಾಗುತ್ತದೆ. ನಿಮ್ಮ ಗಾರ್ಡ್ (ಕೆಳಗಿದ್ದು ಕಾಲಿನಿಂದ ಎದುರಾಳಿಯನ್ನು ತಡೆಯುವುದು) ಯಾಕೆ ಒಡೆಯುತ್ತಿದೆ ಅಂತ ಒಬ್ಬ ಕಂದು ಬೆಲ್ಟ್‌ನವನು ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಕೂತು ತೋರಿಸುವುದು ಮೂರನೇ ವಾರ. ಊರೆಲ್ಲ ಸುತ್ತಿದರೆ ಆ ಮೂರನೇ ವಾರ ಎಲ್ಲೂ ಸಿಗುವುದಿಲ್ಲ.

ಕುಡ್ಲದ_ಹುಡುಗಿ:

ಮೈಸೂರು ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಕೊನೆಯದನ್ನು ಮಾತ್ರ ಪೂರ್ತಿ ಒಪ್ಪಲಾರೆ. ನಾನು ಒಬ್ಬಳೇ ಆರು ವಾರ ಇದ್ದೆ. ಇಂಟರ್ನೆಟ್ಟಿನಲ್ಲಿ ನೋಡಿ ಒಂದು ಕಡೆ ತಿಂಗಳ ಪೂರ್ತಿ ಹಣ ಕಟ್ಟಿಬಿಟ್ಟಿದ್ದೆ. ಹೋಗಿ ನೋಡಿದರೆ ಸಂಜೆ ಕ್ಲಾಸಿನಲ್ಲಿ ಹೆಣ್ಣುಮಕ್ಕಳು ಅಂದರೆ ನಾನೊಬ್ಬಳೇ. ನನಗಿಂತ ಮೂವತ್ತು ಕೆಜಿ ಜಾಸ್ತಿ ಇದ್ದ ಹೊಸ ಬಿಳಿ ಬೆಲ್ಟ್‌ನವನ ಜೊತೆ ನನ್ನನ್ನು ಬಿಟ್ಟರು. ಅವನು ಪೂರ್ತಿ ಭಾರ ಹಾಕಿ ತೋಳು ಎಳೆಯುವಾಗ ಯಾರೂ ನೋಡುತ್ತಿರಲಿಲ್ಲ. ಸೋತೆ ಅಂತ ಕೈ ತಟ್ಟಿ ಟ್ಯಾಪ್ ಮಾಡಿದರೂ ಬಿಡುವುದು ತಡವಾಯಿತು. ಭುಜದ ನೋವು ಇಂದಿಗೂ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಕಟ್ಟಿದ ಹಣ ಬಿಟ್ಟು ಬೇರೆ ಕಡೆ ಹೋದೆ. ಅಲ್ಲಿ ಹೆಂಗಸರ ಕ್ಲಾಸ್ ಇತ್ತು. ಯಾರ ಜೊತೆ ಯಾರು ರೋಲ್ ಮಾಡಬೇಕು ಅಂತ ಪ್ರೊಫೆಸರ್ (ಅಲ್ಲಿ ಕೋಚ್‌ಗೆ ಹಾಗೆ ಅನ್ನುತ್ತಾರೆ) ತಾವೇ ಜೋಡಿ ಮಾಡುತ್ತಿದ್ದರು. ನನ್ನ ಒಳ್ಳೆಯ ದಿನಗಳೆಲ್ಲ ಅಲ್ಲಿಯವೇ.

ಹಾಗಾಗಿ ಮೊದಲ ನಾಲ್ಕೈದು ದಿನ ದಿನದ ಲೆಕ್ಕದಲ್ಲಿ ಎರಡು ಮೂರು ಕಡೆ ಹೋಗಿ ನೋಡಿ. ಯಾರಾದರೂ ಜೋರಾಗಿ ಬಿದ್ದಾಗ ಪ್ರೊಫೆಸರ್ ತಿರುಗಿ ನೋಡುತ್ತಾರಾ, ಅಷ್ಟು ಸಾಕು ಗೊತ್ತಾಗಲು. ಆಮೇಲೆ ಬೇಕಾದರೆ ಒಂದೇ ಕಡೆ ಕೂತುಬಿಡಿ.

ಮೊಣಕಾಲಿನ ವಿಷಯ ರೋಲ್ ಶುರುವಾಗುವ ಮುಂಚೆಯೇ ಹೇಳಬೇಕು. 'ಜುಎಲ್ಯು ಮಶುಕಾದು' ಅಂದರೆ ಮೊಣಕಾಲಿಗೆ ಪೆಟ್ಟಾಗಿದೆ. 'ದೆವಗಾರ್' ಅಂದರೆ ನಿಧಾನ. ಈ ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ, ಉಳಿದ ಪೋರ್ಚುಗೀಸ್ ತಾನಾಗಿ ಬರುತ್ತದೆ. ಟೂರ್ನಮೆಂಟ್ ನಿಯಮದ ಪ್ರಕಾರ ನೀಬಾರ್, ಟೋ ಹೋಲ್ಡ್ ಅನ್ನುವ ಕಾಲಿನ ಪಟ್ಟುಗಳು ಕಂದು ಬೆಲ್ಟ್‌ನಿಂದ ಮೇಲೆ ಮಾತ್ರ. ಗೀ ಹಾಕಿ ಆಡುವಾಗ ಹಿಮ್ಮಡಿ ಹಿಡಿದು ತಿರುಚುವ ಹೀಲ್ ಹುಕ್ ಯಾರಿಗೂ ಇಲ್ಲ. ನೀಲಿ ಬೆಲ್ಟ್‌ನವರು ಕಾಲಿಗೆ ನೇರ ಆಂಕಲ್ ಲಾಕ್ ಒಂದನ್ನೇ ಹಾಕಬಹುದು. ನೀವೂ ಅಲ್ಲಿ ಅದನ್ನು ದಾಟಬೇಡಿ.

ಊಟದ ಚಿಂತೆ ಬೇಡ. ತೂಕಕ್ಕೆ ಹಣ ಕೊಡುವ ಹೋಟೆಲುಗಳಿವೆ, 'ಅ ಕಿಲೊ' ಅಂತ ಬೋರ್ಡ್ ಇರುತ್ತದೆ. ತಟ್ಟೆಗೆ ಬೇಕಾದ್ದನ್ನು ಹಾಕಿಕೊಂಡು ತೂಗಿಸಿದರೆ ಆಯಿತು. ಅನ್ನ, ಕಪ್ಪು ಹುರುಳಿಕಾಯಿ ಕಾಳಿನ ಸಾರು, ಬೇಯಿಸಿದ ಅಥವಾ ಕರಿದ ಮರಗೆಣಸು, ಸೊಪ್ಪು, ಮೊಟ್ಟೆ. ಆದರೆ ಆ ಕಾಳಿನ ಸಾರಿಗೆ ಹಂದಿಮಾಂಸದ ತುಂಡು ಹಾಕುವುದು ಮಾಮೂಲು, ಪ್ರತಿ ಸಲ 'ಸೆಂ ಕಾರ್ನಿ?' (ಮಾಂಸ ಇಲ್ಲದ್ದಾ?) ಅಂತ ಕೇಳಿ. ಚೀಸ್ ಹಾಕಿದ ಪುಟ್ಟ ಬನ್ 'ಪಾವ್ ಜಿ ಕೇಜು' ಎಲ್ಲ ಕಡೆ ಸಿಗುತ್ತದೆ, ಅದರಲ್ಲಿರುವುದೂ ಮರಗೆಣಸಿನ ಹಿಟ್ಟೇ. ಕ್ಲಾಸ್ ಮುಗಿದ ಮೇಲೆ ಎಲ್ಲರೂ ತಣ್ಣಗಿನ ಅಸಾಯಿ (ಅಲ್ಲಿನ ಒಂದು ಹಣ್ಣಿನ ತಿರುಳು) ತಿನ್ನಲು ಹೋಗುತ್ತಾರೆ. ಕರೆದರೆ ಹೋಗಿ, ಸುಸ್ತಾಗಿದೆ ಅಂತ ರೂಮಿಗೆ ಓಡಬೇಡಿ. ನನಗೆ ಗೆಳತಿಯರು ಸಿಕ್ಕಿದ್ದು ಆ ಅಂಗಡಿಯಲ್ಲಿ.

ಗೀ ಮೂರು ಒಯ್ಯಿರಿ. ಸಮುದ್ರದ ಊರು, ನಮ್ಮ ಮಂಗಳೂರಿನ ಹಾಗೆ ದಪ್ಪ ಬಟ್ಟೆ ಬೇಗ ಒಣಗುವುದಿಲ್ಲ. ಹಸಿ ಗೀ ಹಾಕಿಕೊಂಡು ಹೋದರೆ ಹುಳುಕಡ್ಡಿ ಗ್ಯಾರಂಟಿ. ಕ್ಲಾಸ್ ಮುಗಿದ ಕೂಡಲೇ ಸ್ನಾನ ಮಾಡಿ, ಉಗುರು ಕತ್ತರಿಸಿಕೊಂಡಿರಿ, ಸಣ್ಣ ಗಾಯ ಇದ್ದರೂ ಮುಚ್ಚಿ. ರಸ್ತೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ನಡೆಯಬೇಡಿ, ಚಿನ್ನದ ಸರ ಮನೆಯಲ್ಲೇ ಬಿಟ್ಟು ಹೋಗಿ.

ಇನ್ನೊಂದು, ಇದನ್ನು ಮರೆತರೆ ಕಷ್ಟ. ಹಳದಿ ಜ್ವರದ ಲಸಿಕೆ. ಬ್ರೆಜಿಲ್‌ನಿಂದ ವಾಪಸ್ ಬರುವಾಗ ನಮ್ಮ ದೇಶದವರೇ ಆ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮುಂಚೆ ಹಾಕಿಸಬೇಕು, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಬೇಕು. ವೀಸಾ ಕೂಡ ಮುಂಚೆಯೇ ಮಾಡಿಸಿ. ವಿಮೆ ತೆಗೆದುಕೊಳ್ಳುವಾಗ ಕುಸ್ತಿಯಂಥ ಆಟದಲ್ಲಿ ಆದ ಪೆಟ್ಟಿಗೆ ಹಣ ಕೊಡುತ್ತಾರಾ ಅಂತ ಬರಹದಲ್ಲಿ ಕೇಳಿ, ನನ್ನ ಭುಜಕ್ಕೆ ಒಂದು ರೂಪಾಯಿಯೂ ಬರಲಿಲ್ಲ.

ಅಬುಧಾಬಿ_ಕನ್ನಡಿಗ:

ನಾನು ರಿಯೊಗೆ ಹೋಗಿಲ್ಲ, ಆದರೆ ಒಂದು ಬೇರೆ ದಾರಿ ಹೇಳುತ್ತೇನೆ. ಇಲ್ಲಿಗೆ ಬೆಂಗಳೂರಿನಿಂದ ನಾಲ್ಕು ಗಂಟೆ ಚಿಲ್ಲರೆ. 2008ರಿಂದ ಇಲ್ಲಿ ಶಾಲೆಗಳಲ್ಲೇ ಮಕ್ಕಳಿಗೆ ಜಿಯು ಜಿಟ್ಸು ಕಲಿಸುತ್ತಾರೆ, ಅದಕ್ಕೆ ಬ್ರೆಜಿಲ್‌ನಿಂದ ಬಂದ ಕಪ್ಪು ಬೆಲ್ಟ್ ಕೋಚ್‌ಗಳು ಊರ ತುಂಬ ಇದ್ದಾರೆ. ಶಾಲೆ ಮುಗಿದ ಮೇಲೆ ಸಂಜೆ ಅವರೇ ಕ್ಲಬ್‌ಗಳಲ್ಲಿ ಸಿಗುತ್ತಾರೆ. ನನ್ನ ಮಗಳು ಬೂದು ಬೆಲ್ಟ್. ಅವಳನ್ನು ಬಿಡಲು ಹೋಗುತ್ತಿದ್ದವನು ನಲವತ್ತೊಂದನೇ ವಯಸ್ಸಿನಲ್ಲಿ ನಾನೂ ಬಿಳಿ ಬೆಲ್ಟ್ ಕಟ್ಟಿಕೊಂಡೆ. ವರ್ಲ್ಡ್ ಪ್ರೊ ಟೂರ್ನಮೆಂಟ್ ಜಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ನಡೆಯುವಾಗ ಬನ್ನಿ, ದೊಡ್ಡ ದೊಡ್ಡವರು ಪಕ್ಕದಲ್ಲೇ ವಾರ್ಮ್ ಅಪ್ ಮಾಡುತ್ತಿರುತ್ತಾರೆ. ಐದು ವಾರ ರಜೆ ಸಿಗದಿದ್ದರೆ, ಅಥವಾ ಬ್ರೆಜಿಲ್ ಟಿಕೆಟ್ ಬೆಲೆ ನೋಡಿ ಎದೆ ಧಸಕ್ ಅಂದರೆ, ಹತ್ತು ದಿನ ಇಲ್ಲಿಗೆ ಬನ್ನಿ. ಶುಕ್ರವಾರ ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್.

ದಾವಣಗೆರೆ_ನೀಲಿಬೆಲ್ಟ್:

ಮೂವರಿಗೂ ತುಂಬ ಥ್ಯಾಂಕ್ಸ್. ಕುಡ್ಲದ ಅಕ್ಕ, ನಿಮ್ಮ ಭುಜದ ವಿಷಯ ಓದಿ ಬೇಸರವಾಯಿತು. ದಿನದ ಲೆಕ್ಕದಲ್ಲೇ ಶುರು ಮಾಡುತ್ತೇನೆ. ಅಬುಧಾಬಿ ಸರ್, ನಿಮ್ಮ ಆಹ್ವಾನ ನೆನಪಿಟ್ಟುಕೊಳ್ಳುತ್ತೇನೆ, ಆದರೆ ಈ ಸಲ ರಿಯೊನೇ.

ನಿನ್ನೆ ರಾತ್ರಿ ಕ್ಲಾಸ್ ಮುಗಿದ ಮೇಲೆ ನಮ್ಮ ಕೋಚ್‌ಗೆ ಹೇಳಿದೆ. ಎರಡು ವಾರದಿಂದ ಮನಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು "ಯಾವಾಗ ಹೇಳುತ್ತೀಯಾ ಅಂತ ಕಾಯುತ್ತಿದ್ದೆ" ಅಂದರು. ತಾವೇ ಬರೆಯುತ್ತೇನೆ ಅಂದಿದ್ದಾರೆ. ಇನ್ನು ಎರಡೇ ಪ್ರಶ್ನೆ. ಯಾವ ತಿಂಗಳು? ಮತ್ತೆ, ಅಲ್ಲಿಯವರಿಗೆ ಇಲ್ಲಿಂದ ಏನಾದರೂ ಒಯ್ಯಬೇಕು ಅನ್ನಿಸುತ್ತಿದೆ, ಏನು ಒಯ್ಯಲಿ?

ಮೈಸೂರು_ಮಟ್ಟಿ:

ಕುಡ್ಲದವರು ಹೇಳಿದ್ದು ಸರಿ. ಮೊದಲು ನೋಡಿ ಆಮೇಲೆ ಕೂರುವುದೇ ಒಳ್ಳೆಯದು, ನನಗೆ ಮೊದಲನೆಯದೇ ಒಳ್ಳೆಯದು ಸಿಕ್ಕಿತ್ತು, ಅದಕ್ಕೇ ಹಾಗೆ ಬರೆದೆ.

ಜೂನ್ ಮಧ್ಯದಿಂದ ಜುಲೈ. ಅಲ್ಲಿ ಅದು ಚಳಿಗಾಲ, ಅಂದರೆ ನಮ್ಮ ಮೈಸೂರಿನ ಡಿಸೆಂಬರ್ ಇದ್ದ ಹಾಗೆ. ಜನವರಿಯಲ್ಲಿ ಹೋದರೆ ಗೀ ಒಳಗೆ ಬೆಂದುಹೋಗುತ್ತೀರಿ. ಕಾರ್ನಿವಲ್ ವಾರದಲ್ಲಿ ಬಹಳ ಕಡೆ ಬಾಗಿಲು ಹಾಕಿರುತ್ತದೆ. ಏಪ್ರಿಲ್-ಮೇನಲ್ಲಿ ಬ್ರೆಜಿಲ್ ರಾಷ್ಟ್ರೀಯ ಟೂರ್ನಮೆಂಟ್ ಹತ್ತಿರ ಬಂದಾಗ ಪ್ರತಿ ರೌಂಡೂ ಯುದ್ಧ, ನಿಮ್ಮ ಮೊಣಕಾಲಿಗೆ ಅದು ಬೇಡ. ವಿಶ್ವ ಚಾಂಪಿಯನ್‌ಶಿಪ್ 1996ರಿಂದ 2006ರವರೆಗೆ ರಿಯೊದಲ್ಲೇ ನಡೆಯುತ್ತಿತ್ತು, ಈಗ ಕ್ಯಾಲಿಫೋರ್ನಿಯಾದಲ್ಲಿ ಮೇ ಕೊನೆ, ಜೂನ್ ಶುರುವಿನ ಹೊತ್ತಿಗೆ. ಅದು ಮುಗಿದು ಹುಡುಗರು ಊರಿಗೆ ಬಂದ ಮೇಲೆ ಎಲ್ಲರೂ ಸ್ವಲ್ಪ ಸಡಿಲವಾಗಿರುತ್ತಾರೆ, ಕೂತು ಕಲಿಸುತ್ತಾರೆ.

ಒಯ್ಯುವುದಕ್ಕೆ ಮೈಸೂರು ಪಾಕ್ ಸಾಕು, ಕೆಡುವುದಿಲ್ಲ. ಅದಕ್ಕಿಂತ ಒಳ್ಳೆಯದು ಒಂದಿದೆ. ನೀವು ಗರಡಿಯವರು ಅಂತ ಗೊತ್ತಾದರೆ ಕುಸ್ತಿ ತೋರಿಸು ಅಂತ ಖಂಡಿತ ಕೇಳುತ್ತಾರೆ. ಎದುರಾಳಿಯನ್ನು ಹೆಗಲ ಮೇಲೆ ಹೊತ್ತು ಎಸೆಯುವ ಕಲಾಜಂಗ್ ಪಟ್ಟು ಬರುತ್ತದಲ್ವಾ? ಗೀ ತೋಳು ಹಿಡಿದು ಹೊಡೆಯುವ ಕಲಾಜಂಗ್ ತೋರಿಸಿ. ನನ್ನಿಂದ ಆ ಹಿರಿಯರು ಮೂರು ಸಲ ಮತ್ತೆ ಮತ್ತೆ ಮಾಡಿಸಿ ನೋಡಿದರು.

ದಾವಣಗೆರೆ_ನೀಲಿಬೆಲ್ಟ್:

ಕಲಾಜಂಗ್ ಬಿಟ್ಟು ಹದಿನಾಲ್ಕು ವರ್ಷ ಆಯಿತು ಸರ್. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಚಿಕ್ಕಪ್ಪನಿಗೆ ಫೋನ್ ಮಾಡಿ ಗರಡಿಗೆ ಹೋಗೋಣ ಅಂದೆ. ಬೆಳಿಗ್ಗೆ ಐದಕ್ಕೆ ರೆಡಿ ಇರು ಅಂದಿದ್ದಾರೆ.